ನೋವು ಒಬ್ಬರಿಗೆ, ನಿದ್ದೆ ಇಬ್ಬರಿಗೂ ಇಲ್ಲ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ರೈಲುದಾರಿ ಸುಮಾರು 48 ಕಿಲೋಮೀಟರು, ಕಲ್ಯಾಣದಿಂದ 54. ಫಾಸ್ಟ್ ಲೋಕಲ್ ಸಿಕ್ಕಿದರೆ ಒಂದು ಗಂಟೆ ಚಿಲ್ಲರೆ, ಸ್ಲೋ ಆದರೆ ಇನ್ನೂ ಜಾಸ್ತಿ. ಮನೆಯಿಂದ ಸ್ಟೇಷನ್ನಿಗೆ ಶೇರ್ ರಿಕ್ಷಾದ ಸಾಲು, ಸೇತುವೆಯ ಮೆಟ್ಟಿಲು, ಇಳಿದ ಮೇಲೆ ಮತ್ತೊಂದು ಬಸ್ಸು. ಹೋಗಿ ಬರುವ ಲೆಕ್ಕ ಹಾಕಿದರೆ ದಿನದ ಮೂರು-ನಾಲ್ಕು ಗಂಟೆ ದಾರಿಯಲ್ಲೇ ಕಳೆಯುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇಬ್ಬರೂ ಎದುರಾಬದುರು ಕೂತು ಮಾತಾಡಲು ಸಿಗುವುದು ರಾತ್ರಿ ಊಟಕ್ಕೂ ನಿದ್ದೆಗೂ ನಡುವಿನ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಸೊಂಟ, ಕುತ್ತಿಗೆ, ಮೊಣಕಾಲಿನ ಹಳೆಯ ನೋವು ದಿನವಿಡೀ ಸಹಿಸಿಕೊಂಡ ಮೇಲೆ ತಲೆಯೆತ್ತಿ ಕೂರುವುದೂ ಅದೇ ಗಂಟೆಗೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ದಾಂಪತ್ಯಗಳಿಗೆ ದೀರ್ಘಕಾಲದ ನೋವು ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಈ ಗಂಟೆಯಿಂದಲೇ ಶುರು ಮಾಡಬೇಕು. ಔಷಧದ ಖರ್ಚು, ರಜೆಯ ಕಡಿತ, ಅತ್ತೆಯ ಗೊಣಗಾಟ ಎಲ್ಲವೂ ಇವೆ. ಆದರೆ ನೋವು ಮೊದಲು ಕಿತ್ತುಕೊಳ್ಳುವುದು ದಂಪತಿಯ ಪಾಲಿಗೆ ಉಳಿದಿದ್ದ ಆ ಸಣ್ಣ ಹೊತ್ತನ್ನು. ಸಂಧಿವಾತದವರ ಕತೆ ಕೊಂಚ ಬೇರೆ. ಅವರ ಕೈಬೆರಳು ಬಿಗಿದುಕೊಳ್ಳುವುದು ಬೆಳಿಗ್ಗೆ, ಡಬ್ಬಿ ಕಟ್ಟುವ ಸಮಯಕ್ಕೆ ಸರಿಯಾಗಿ. ಆ ಮನೆಗಳಲ್ಲಿ ಜಗಳವೂ ಬೆಳಿಗ್ಗೆಯೇ.

ವೈದ್ಯರ ಲೆಕ್ಕದಲ್ಲಿ ಮೂರು ತಿಂಗಳು ದಾಟಿದ, ಅಥವಾ ಮೂರು ತಿಂಗಳಾಚೆಗೂ ಬಿಟ್ಟು ಬಿಟ್ಟು ಬರುವ ನೋವು ದೀರ್ಘಕಾಲದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಇಂಥ ನೋವಿಗೆ ಅದರದೇ ಆದ ಸಂಕೇತ ಸಂಖ್ಯೆ ಸಿಕ್ಕಿತು. ಅಂದರೆ ನೋವು ಇನ್ನೊಂದು ಕಾಯಿಲೆಯ ಲಕ್ಷಣವಾಗಿ ಮಾತ್ರ ಉಳಿಯಲಿಲ್ಲ, ತಾನೇ ಒಂದು ಕಾಯಿಲೆ ಎನಿಸಿಕೊಂಡಿತು. ಇಲ್ಲೊಂದು ವಿಚಿತ್ರ ಕಾಕತಾಳೀಯವಿದೆ. ಇಎಸ್‌ಐ ಯೋಜನೆಯಲ್ಲಿರುವ ಕಾರ್ಮಿಕರಿಗೆ ಕಾಯಿಲೆ ಬಿದ್ದಾಗ ಸಂಬಳದ ಶೇಕಡಾ 70ರಷ್ಟು ಭತ್ಯೆ ಸಿಗುತ್ತದೆ, ವರ್ಷಕ್ಕೆ 91 ದಿನ. ತೊಂಬತ್ತೊಂದು ದಿನ ಎಂದರೆ ಹೆಚ್ಚುಕಡಿಮೆ ಮೂರು ತಿಂಗಳು. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲೋ ಠಾಣೆಯ ವಾಗಳೆ ಎಸ್ಟೇಟಿನಲ್ಲೋ ಸೊಂಟ ಹಿಡಿದುಕೊಂಡ ಕಾರ್ಮಿಕನ ನೋವಿಗೆ 'ದೀರ್ಘಕಾಲದ್ದು' ಎಂಬ ಹೆಸರು ಬರುವ ಹೊತ್ತಿಗೆ ಭತ್ಯೆಯ ದಿನಗಳು ಮುಗಿದಿರುತ್ತವೆ. ಕೆಲವು ದೊಡ್ಡ ಕಾಯಿಲೆಗಳಿಗೆ ಮುಂದುವರಿದ ನೆರವಿದೆ, ಆದರೆ ಬರೀ 'ಸೊಂಟನೋವು' ಎಂದರೆ ಆ ಬಾಗಿಲು ತೆರೆಯುವುದಿಲ್ಲ. ಮನೆ ನಡೆಸುವ ಭಾರ ಆವತ್ತಿನಿಂದ ಹೆಂಡತಿಯ ಹೆಗಲಿಗೆ.

ಬೆನ್ನುನೋವೇನೂ ಅಪರೂಪದ್ದಲ್ಲ. 2020ರಲ್ಲಿ ಪ್ರಪಂಚದಲ್ಲಿ 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು, 2050ಕ್ಕೆ ಅದು 84.3 ಕೋಟಿ ಮುಟ್ಟಬಹುದು ಎಂದು ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯೊಂದು 2023ರಲ್ಲಿ ಅಂದಾಜಿಸಿತು. ಇಷ್ಟು ಜನರ ಪಕ್ಕದಲ್ಲಿ ಮಲಗುವವರನ್ನು ಯಾರೂ ಎಣಿಸಿಲ್ಲ.

ಎಣಿಸದಿದ್ದರೂ ಕೆಲವರು ಅವರ ನಿದ್ದೆಯನ್ನು ಅಳೆದಿದ್ದಾರೆ. ಅಮೆರಿಕದ ಲಿನ್ ಮಾರ್ಟೈರ್ ಮತ್ತು ಸಂಗಡಿಗರು ಮೊಣಕಾಲಿನ ಸವೆತದಿಂದ ನರಳುವ ನೂರಕ್ಕೂ ಹೆಚ್ಚು ಮಂದಿ ಮತ್ತು ಅವರ ಸಂಗಾತಿಗಳಿಂದ ಮೂರು ವಾರಗಳ ಕಾಲ ದಿನಚರಿ ಬರೆಸಿದರು. ರೋಗಿಗೆ ಯಾವ ದಿನ ಸಂಜೆ ನೋವು ಹೆಚ್ಚಿತ್ತೋ ಆ ರಾತ್ರಿ ಸಂಗಾತಿಯ ನಿದ್ದೆಯೂ ಕೆಟ್ಟಿತ್ತು, ಬೆಳಿಗ್ಗೆ ಏಳುವಾಗ ದಣಿವು ಇಳಿದಿರಲಿಲ್ಲ. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಗಮನಿಸುವಂಥದ್ದು. ಅನ್ಯೋನ್ಯವಾಗಿದ್ದ ಜೋಡಿಗಳಲ್ಲೇ ಸಂಗಾತಿಯ ನಿದ್ದೆ ಹೆಚ್ಚು ಕೆಟ್ಟದ್ದು. ಪ್ರೀತಿ ಜಾಸ್ತಿ ಇದ್ದಲ್ಲಿ ನೋವು ಸುಲಭವಾಗಿ ಆಚೆ ಬದಿಗೆ ದಾಟಿತು. ಆ ಮನೆಗಳಲ್ಲಿ ಪ್ರತ್ಯೇಕ ಕೋಣೆಗಳಿದ್ದಾವು. ಒಂದು ಕೋಣೆ, ಒಂದು ಅಡುಗೆಮನೆಯ ನಮ್ಮ ಚಾಳಿನಲ್ಲಿ, ಗೋಡೆಗೆ ಅತ್ತೆ, ನಡುವೆ ಮಗು, ಬಾಗಿಲ ಕಡೆಗೆ ಗಂಡ ಎಂದು ಸಾಲಾಗಿ ಹಾಸಿಗೆ ಹಾಸುವಲ್ಲಿ, ಒಬ್ಬರು ಮಗ್ಗುಲು ಬದಲಿಸಿದರೆ ಉಳಿದವರಿಗೆಲ್ಲ ಎಚ್ಚರ.

ಹೀಗೆ ನಿದ್ದೆಗೆಟ್ಟವರು ಮರುದಿನ ಹತ್ತಬೇಕಾದ್ದು ಯಾವ ಗಾಡಿ? ಮುಂಬಯಿಯ ಲೋಕಲ್‌ಗಳ ದಟ್ಟಣೆಯನ್ನು ವರ್ಣಿಸಲು ರೈಲ್ವೆಯವರೇ 'ಸೂಪರ್ ಡೆನ್ಸ್ ಕ್ರಶ್ ಲೋಡ್' ಎಂಬ ಮಾತು ಕಟ್ಟಿದ್ದಾರೆ. ಒಂದು ಚದರ ಮೀಟರು ಜಾಗದಲ್ಲಿ 14ರಿಂದ 16 ಮಂದಿ ನಿಂತಿರುವ ಸ್ಥಿತಿ ಅದು. ದಿವ್ಯಾಂಗರಿಗೆ ಬೇರೆ ಡಬ್ಬಿ ಇದೆ, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರೂ ಅದರಲ್ಲಿ ಹತ್ತಬಹುದು. ಸೊಂಟದ ನರ ಒತ್ತಿಕೊಂಡವರಿಗೆ, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯದವರಿಗೆ ಆ ಸೌಲಭ್ಯವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಸಿಕಲ್ ಸೆಲ್, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಅದರಲ್ಲಿವೆ, ಬರೀ ನೋವು ಅದರಲ್ಲಿಲ್ಲ. ಕೈಕಾಲು ನೆಟ್ಟಗಿರುವ ಮೂವತ್ತೈದರ ಹೆಂಗಸು ಲೇಡೀಸ್ ಡಬ್ಬಿಯಲ್ಲಿ ಮೂವರು ಕೂತ ಬೆಂಚಿನಲ್ಲಿ ನಾಲ್ಕನೆಯ ಸೀಟು ಕೇಳಿದರೆ ಸುತ್ತಲಿನವರು ಮೇಲಿಂದ ಕೆಳಗೆ ನೋಡುತ್ತಾರೆ. ಸಂಜೆ ಮನೆಗೆ ಬಂದಾಗ ಅದೇ ನೋಟ ಮನೆಯಲ್ಲೂ ಕಾದಿದ್ದರೆ?

ದಾಂಪತ್ಯದ ನಿಜವಾದ ತೊಡಕು ಈ ನೋಟದಲ್ಲಿದೆ. ನೋವು ಕಣ್ಣಿಗೆ ಕಾಣುವುದಿಲ್ಲ. ನಂಬಬೇಕು, ಅಷ್ಟೇ. ಮೊದಲ ತಿಂಗಳು ಎಲ್ಲರೂ ನಂಬುತ್ತಾರೆ. ಗಂಡ ರಜೆ ಹಾಕಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ, ಮುಲಾಮು ಹಚ್ಚುತ್ತಾನೆ, ಬಿಸಿನೀರಿನ ಚೀಲ ತುಂಬಿಸಿಕೊಡುತ್ತಾನೆ. ಆರನೇ ತಿಂಗಳಲ್ಲಿ ಎಂಆರ್‌ಐ ಬರುತ್ತದೆ. 'ವಿಶೇಷವೇನೂ ಇಲ್ಲ, ವಯಸ್ಸಿಗೆ ತಕ್ಕ ಸವೆತ' ಎಂದು ಡಾಕ್ಟರು ಸಮಾಧಾನಕ್ಕೆ ಹೇಳುತ್ತಾರೆ. ಆ ಸಮಾಧಾನದ ಮಾತೇ ಮನೆಯಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ: 'ರಿಪೋರ್ಟ್ ನಾರ್ಮಲ್ ಬಂತಲ್ಲ, ಮತ್ತೇನು ನಿಂದು?' ಅವಳು ಹೇಳುತ್ತಾಳೆ, 'ರೀ, ರಿಪೋರ್ಟ್ ನೋಯುತ್ತಿಲ್ಲ, ನಾನು ನೋಯುತ್ತಿದ್ದೇನೆ.' ಅಲ್ಲಿಂದ ಮುಂದೆ ಮಾತು ಸೊಂಟದ ಬಗ್ಗೆ ಇರುವುದಿಲ್ಲ.

ರಿಪೋರ್ಟಿಗೆ ಇಷ್ಟು ತೂಕ ಕೊಡುವುದು ವಿಜ್ಞಾನದ ಲೆಕ್ಕದಲ್ಲೂ ತಪ್ಪು. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಸ್ಕ್ಯಾನ್‌ಗಳನ್ನು ಕಲೆಹಾಕಿ ನೋಡಿದ ವಿಮರ್ಶೆಯೊಂದು 2015ರಲ್ಲಿ ಬಂತು. ಇಪ್ಪತ್ತರ ಹರೆಯದವರಲ್ಲೇ ಶೇಕಡಾ 37 ಮಂದಿಗೆ ಡಿಸ್ಕ್ ಸವೆದಿತ್ತು, ಎಂಬತ್ತರವರಲ್ಲಿ ಶೇಕಡಾ 96 ಮಂದಿಗೆ. ಯಾರಿಗೂ ನೋವಿರಲಿಲ್ಲ. ಚಿತ್ರ ಕೆಟ್ಟಿದ್ದೂ ನೋಯದಿರಬಹುದು, ಚಿತ್ರ ಚೆನ್ನಾಗಿದ್ದೂ ಪ್ರಾಣ ಹಿಂಡಬಹುದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಅದರ ಜೊತೆಗೆ ಒಂದು ಟಿಪ್ಪಣಿಯನ್ನೂ ಇಟ್ಟಿತು: ನೋಯುತ್ತಿದೆ ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಗೌರವ ಕೊಡಬೇಕು. ವೈದ್ಯರಿಗೆಂದು ಬರೆದ ಈ ಮಾತನ್ನು ಗಂಡಂದಿರಿಗೂ ಅತ್ತೆಯಂದಿರಿಗೂ ಒಂದೊಂದು ಪ್ರತಿ ಕಳಿಸಿದ್ದರೆ ಚೆನ್ನಾಗಿತ್ತು.

ಅಪನಂಬಿಕೆಗೆ ಇನ್ನೊಂದು ದಾರಿ ಮಾತ್ರೆಯ ಚೀಟಿ. ನರದ ನೋವಿಗೆ, ಹಳೆಯ ಬೆನ್ನುನೋವಿಗೆ ವೈದ್ಯರು ಅಮಿಟ್ರಿಪ್ಟಿಲಿನ್ ಅಥವಾ ಡುಲೊಕ್ಸೆಟಿನ್ ಬರೆಯುವುದುಂಟು. ಇವು ಮೂಲತಃ ಖಿನ್ನತೆಯ ಔಷಧಗಳು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನೋವು ತಗ್ಗಿಸುವ ಸಂಕೇತಗಳನ್ನು ಬಲಪಡಿಸುತ್ತವೆ ಎಂಬ ಕಾರಣಕ್ಕೆ ನೋವಿಗೂ ಕೊಡುತ್ತಾರೆ. ಅಮಿಟ್ರಿಪ್ಟಿಲಿನ್ ಆದರೆ ನೋವಿಗೆ ಕೊಡುವ ಪ್ರಮಾಣವೂ ಕಡಿಮೆ. ಇದನ್ನು ಹೇಳುವಷ್ಟು ಪುರುಸೊತ್ತು ಓಪಿಡಿಯಲ್ಲಿ ಯಾರಿಗಿದೆ? ಗಂಡ ಮೊಬೈಲಿನಲ್ಲಿ ಮಾತ್ರೆಯ ಹೆಸರು ಹುಡುಕುತ್ತಾನೆ, 'ಡಿಪ್ರೆಶನ್' ಎಂದು ಕಾಣುತ್ತದೆ. ಆ ರಾತ್ರಿ ಊರಿಗೆ ಫೋನು ಹೋಗುತ್ತದೆ. ನೋವಿನ ರೋಗಿಗಳಲ್ಲಿ ಖಿನ್ನತೆ ಹೆಚ್ಚು ಎಂಬುದೂ ನಿಜವೇ, ಆದರೆ ವರ್ಷಗಟ್ಟಲೆ ನೋಯುವ ಮನುಷ್ಯ ಸೋತು ಕುಗ್ಗುವುದಕ್ಕೂ ನೋವೇ ಸುಳ್ಳು ಎನ್ನುವುದಕ್ಕೂ ಅಜಗಜಾಂತರ.

ಹಾಗಾದರೆ ನಂಬಿ, ಮುದ್ದಾಗಿ ನೋಡಿಕೊಂಡರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲಿ ಸಂಶೋಧನೆ ಸ್ವಲ್ಪ ಕಹಿ ಮಾತು ಹೇಳುತ್ತದೆ.

ಅಮೆರಿಕದ ಮನೋವಿಜ್ಞಾನಿ ವಿಲ್ಬರ್ಟ್ ಫೋರ್ಡೈಸ್ 1976ರಲ್ಲಿ ಬರೆದ ಪುಸ್ತಕದಲ್ಲಿ ಒಂದು ವಾದ ಮಂಡಿಸಿದರು. ನರಳುವುದು, ಕುಂಟುವುದು, ಮಲಗಿಬಿಡುವುದು ಇವೆಲ್ಲ ವರ್ತನೆಗಳು, ಸುತ್ತಲಿನವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದರ ಮೇಲೆ ಅವು ಬೆಳೆಯುತ್ತವೆ ಅಥವಾ ಬಾಡುತ್ತವೆ ಎಂದು. 1980ರಲ್ಲಿ ಆಂಡ್ರ್ಯೂ ಬ್ಲಾಕ್ ಮತ್ತಿತರರು ಇದನ್ನು ಪರೀಕ್ಷಿಸಿದರು. ರೋಗಿಗಳಿಗೆ ಕನ್ನಡಿಯಾಚೆಯಿಂದ ನಿಮ್ಮ ಸಂಗಾತಿ ನೋಡುತ್ತಿದ್ದಾರೆ ಎಂದು ಒಮ್ಮೆ, ಆಸ್ಪತ್ರೆಯ ಸಿಬ್ಬಂದಿ ನೋಡುತ್ತಿದ್ದಾರೆ ಎಂದು ಇನ್ನೊಮ್ಮೆ ಹೇಳಿ ನೋವಿನ ಮಟ್ಟ ಕೇಳಿದರು. ತುಂಬ ಆರೈಕೆ ಮಾಡುವ ಸಂಗಾತಿ ಇದ್ದವರು, ಅವರು ನೋಡುತ್ತಿದ್ದಾರೆ ಎಂದಾಗ ಹೆಚ್ಚು ನೋವು ಹೇಳಿದರು. ಅಷ್ಟಾಗಿ ಹಚ್ಚಿಕೊಳ್ಳದ ಸಂಗಾತಿ ಇದ್ದವರಲ್ಲಿ ಹಾಗಾಗಲಿಲ್ಲ.

ಇದನ್ನು ಓದಿ 'ನೋಡಿದಿರಾ, ನಾಟಕ' ಎಂದು ಕುಣಿಯುವವರು ಒಂದು ನಿಮಿಷ ತಡೆಯಬೇಕು. ಜರ್ಮನಿಯ ಹೆರ್ಟಾ ಫ್ಲೋರ್ ಅವರ ತಂಡ ಇಂಥದೇ ರೋಗಿಗಳ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೇ ಅಳೆಯಿತು. ಆರೈಕೆಯ ಸಂಗಾತಿ ಕೋಣೆಯಲ್ಲಿದ್ದಾಗ ಬೆನ್ನಿಗೆ ಕೊಟ್ಟ ಸಣ್ಣ ವಿದ್ಯುತ್ ಆಘಾತಕ್ಕೆ ರೋಗಿಯ ಮಿದುಳು ನಿಜಕ್ಕೂ ಹೆಚ್ಚು ಜೋರಾಗಿ ಸ್ಪಂದಿಸಿತ್ತು. ಅಭಿನಯಿಸಲು ಮಿದುಳಿನ ಅಲೆಗಳಿಗೆ ಬರುವುದಿಲ್ಲ. ನೋವಿನ ಸಂಕೇತ ಬೆನ್ನುಹುರಿಯ ಬಾಗಿಲು ದಾಟಿಯೇ ಮೇಲೆ ಹೋಗಬೇಕು, ಆ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದರಲ್ಲಿ ಮಿದುಳಿನ ಕೈಯೂ ಇದೆ ಎಂದು ಮೆಲ್ಝಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಭಯ, ಒಂಟಿತನ, ಗಮನ ಇವುಗಳೆಲ್ಲ ಆ ಬಾಗಿಲನ್ನು ಹಿಗ್ಗಿಸುತ್ತವೆ, ಕುಗ್ಗಿಸುತ್ತವೆ. ಪಕ್ಕದಲ್ಲಿ ಕೂತವರ ಮುಖಭಾವವೂ ಅದರಲ್ಲಿ ಸೇರಿದೆ ಎಂದರೆ ಆಶ್ಚರ್ಯಪಡಬೇಕಿಲ್ಲ.

1985ರಿಂದ ಬಳಕೆಯಲ್ಲಿರುವ ವೆಸ್ಟ್ ಹೇವನ್–ಯೇಲ್ ಪ್ರಶ್ನಾವಳಿ ಸಂಗಾತಿಯ ಪ್ರತಿಕ್ರಿಯೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ: ಅತಿ ಆರೈಕೆ, ಸಿಡುಕು, ಗಮನ ಬೇರೆಡೆ ತಿರುಗಿಸುವುದು. ನಮ್ಮ ಮನೆಗಳಲ್ಲಿ ಮೂರೂ ಒಂದೇ ಸಂಜೆ ಕಾಣಸಿಗುತ್ತವೆ. 'ನೀನು ಏಳಬೇಡ, ನಾನೇ ಮಾಡುತ್ತೇನೆ' ಎಂದು ಏಳು ಗಂಟೆಗೆ ಶುರುವಾಗಿ, ಎಂಟೂವರೆಗೆ ಪಾತ್ರೆಗಳ ಸದ್ದು ಬೇಕೆಂದೇ ಜೋರಾಗಿ, ಹತ್ತಕ್ಕೆ 'ಬಾ, ಒಂದು ಸಿನಿಮಾ ಹಾಕೋಣ' ಎಂದು ರಾಜಿಯಾಗುತ್ತದೆ. ಸಿಡುಕು ಕೆಟ್ಟದ್ದು ಎಂದೇ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಸೂಕ್ಷ್ಮ ಇರುವುದು ಆರೈಕೆಯಲ್ಲಿ. ನೋವನ್ನು ಒಪ್ಪಿಕೊಂಡು ಕೇಳುವುದು ಒಂದು, ರೋಗಿಯ ಕೈಯಿಂದ ಎಲ್ಲ ಕೆಲಸ ಕಿತ್ತುಕೊಳ್ಳುವುದು ಇನ್ನೊಂದು. ಅಮೆರಿಕದ ಆನ್‌ಮರೀ ಕಾನೊ ದಂಪತಿಗಳನ್ನು ಎದುರುಬದುರು ಕೂರಿಸಿ ನೋವಿನ ಬಗ್ಗೆ ಮಾತಾಡಲು ಬಿಟ್ಟು, ಆ ಮಾತುಕತೆಯನ್ನು ಚಿತ್ರೀಕರಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಹುಡುಕುತ್ತಿದ್ದುದು ಇದನ್ನೇ: ಸಂಗಾತಿ ಪರಿಹಾರ ಹೇಳಲು ಹೊರಡುತ್ತಾರೋ, ಆಚೆಯವರ ಅನುಭವವನ್ನು ಒಪ್ಪಿಕೊಳ್ಳುತ್ತಾರೋ. 'ಅರ್ಧ ದಿನ ನಿಂತೇ ಇದ್ದೆಯಲ್ಲ, ನೋಯದೇ ಇರುತ್ತದೆಯೇ' ಎನ್ನುವುದಕ್ಕೂ 'ಹಾಗಾದರೆ ಕೆಲಸ ಬಿಟ್ಟುಬಿಡು' ಎನ್ನುವುದಕ್ಕೂ ವ್ಯತ್ಯಾಸ ದೊಡ್ಡದು.

ಕೆಲಸ ಬಿಡುವ ಮಾತು ಯಾರಿಗೆ ಅನ್ವಯಿಸುತ್ತದೆ ಎಂಬುದೂ ಪ್ರಶ್ನೆಯೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಈ ಸಂಖ್ಯೆ ಎದುರಿಗಿಟ್ಟುಕೊಂಡು ನೋಡಿದರೆ ನೋವು ಯಾರಿಗೆ ಬಂತು ಎಂಬುದರ ಮೇಲೆ ಮನೆಯ ಚಿತ್ರ ಬದಲಾಗುವುದು ಕಾಣುತ್ತದೆ. ಗಂಡನಿಗೆ ಬಂದರೆ ಹೆಂಡತಿಯ ಐದು ಗಂಟೆ ಆರಾಗುತ್ತದೆ, ಏಳಾಗುತ್ತದೆ, ಆದರೆ ಮನೆ ನಡೆಯುತ್ತದೆ. ಹೆಂಡತಿಗೆ ಬಂದರೆ ಮನೆಯೇ ನಿಲ್ಲುತ್ತದೆ. ಹಣವಿದ್ದವರು ಪೋಳಿ-ಭಾಜಿ ಕೇಂದ್ರಕ್ಕೆ ಹೇಳುತ್ತಾರೆ, ಕೆಲಸದಾಕೆಗೆ ಇನ್ನೆರಡು ಕೆಲಸ ಸೇರಿಸುತ್ತಾರೆ. ಇಲ್ಲದವರು ಹೈಸ್ಕೂಲಿನ ಮಗಳ ಮೇಲೆ ಹೊರಿಸುತ್ತಾರೆ. ಆ ಕೆಲಸದಾಕೆಗೂ ಒಂದು ಸೊಂಟ ಇರುತ್ತದೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹೆಂಗಸರ ನೋವಿನಲ್ಲಿ ಇನ್ನೊಂದು ಬಗೆ ಇದೆ, ಅದನ್ನು ನೋವೆಂದೇ ಕರೆಯುವುದಿಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಹೆರುವ ವಯಸ್ಸಿನ ಹೆಂಗಸರಲ್ಲಿ ಶೇಕಡಾ ಹತ್ತರಷ್ಟು ಮಂದಿಗೆ, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಜನಕ್ಕೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟಿನ ದಿನಗಳಲ್ಲಿ ಹಾಸಿಗೆ ಬಿಟ್ಟು ಏಳಲಾರದಷ್ಟು ನೋವು, ಮಿಲನದಲ್ಲಿ ನೋವು, ಹಲವರಿಗೆ ಮಕ್ಕಳಾಗುವುದು ತಡ. 'ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ' ಎಂದು ಅಮ್ಮ, ಅತ್ತೆ, ಕೆಲವೊಮ್ಮೆ ಡಾಕ್ಟರೂ ಹೇಳಿ ಕಳಿಸಿ ವರ್ಷಗಳು ಉರುಳುತ್ತವೆ. ನೋವಿಗೆ ಹೆದರಿ ಅವಳು ದೂರ ಸರಿದರೆ ಗಂಡನಿಗೆ ಅದು ತಿರಸ್ಕಾರವೆಂದು ತೋರುತ್ತದೆ. ಹೇಳಿಕೊಳ್ಳಲು ಅವಳಿಗೆ ನಾಚಿಕೆ, ಕೇಳಲು ಅವನಿಗೆ ಬಿಗುಮಾನ.

ಹಾಸಿಗೆಯ ವಿಷಯವನ್ನು ನಮ್ಮ ವೈದ್ಯರು ಕೇಳುವುದು ಕಡಿಮೆ, ರೋಗಿಗಳು ಎತ್ತುವುದು ಅದಕ್ಕಿಂತ ಕಡಿಮೆ. ನೋವು, ಆಯಾಸ, ಮಾತ್ರೆಯ ಮಂಪರು ಮೂರೂ ಸೇರಿ ಆಸೆಯನ್ನು ಅಳಿಸುತ್ತವೆ. ಡುಲೊಕ್ಸೆಟಿನ್‌ನಂಥ ಔಷಧಗಳಿಗೆ ಆ ಅಡ್ಡಪರಿಣಾಮವೇ ಇದೆ, ಹೇಳಿದರೆ ಡಾಕ್ಟರು ಪ್ರಮಾಣ ಬದಲಿಸಬಹುದು ಅಥವಾ ಬೇರೆ ಔಷಧ ನೋಡಬಹುದು. ಕೆನಡದ ವಾಟರ್‌ಲೂ ವಿಶ್ವವಿದ್ಯಾಲಯದವರು ಇದನ್ನು ಸಂಕೋಚವಿಲ್ಲದೆ ಪ್ರಯೋಗಶಾಲೆಗೇ ತಂದರು. ಹತ್ತು ಜೋಡಿಗಳ ಬೆನ್ನಿನ ಚಲನೆಯನ್ನು ಕ್ಯಾಮೆರಾಗಳಿಂದ ಅಳೆದು, ಯಾವ ಬಗೆಯ ಬೆನ್ನುನೋವಿಗೆ ಯಾವ ಭಂಗಿ ಹಗುರ ಎಂಬುದನ್ನು 2014ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಸಲಹೆ ಕೊಡುವ ಹಳೆಯ ರೂಢಿ ತಪ್ಪು, ಮುಂದೆ ಬಾಗಿದರೆ ನೋಯುವವರಿಗೂ ಹಿಂದೆ ಬಾಗಿದರೆ ನೋಯುವವರಿಗೂ ಬೇರೆ ಬೇರೆ ಎಂಬುದು ಅದರ ಸಾರ. ವಿಷಯ ಸಣ್ಣದೆನಿಸಬಹುದು. 'ನನ್ನಿಂದ ಇನ್ನು ಆಗುವುದಿಲ್ಲ' ಎಂದು ಮೂವತ್ತೆಂಟಕ್ಕೇ ಬೇರೆ ಚಾಪೆ ಹಾಸಿಕೊಂಡವರಿಗೆ ಅದು ಸಣ್ಣದಲ್ಲ.

ಒಂದೇ ಹಾಸಿಗೆಯೇ ಇಲ್ಲದ ದಾಂಪತ್ಯಗಳೂ ಇಲ್ಲಿವೆ. ನವಿ ಮುಂಬಯಿಯ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರಲ್ಲಿ ಹೆಚ್ಚಿನವರು ಸಾತಾರ, ಸಾಂಗ್ಲಿ ಕಡೆಯವರು, ಬಹಳ ಮಂದಿಯ ಹೆಂಡತಿ ಮಕ್ಕಳು ಊರಲ್ಲೇ. ಅಣ್ಣಾಸಾಹೇಬ್ ಪಾಟೀಲರ ಹೋರಾಟದಿಂದ 1969ರಲ್ಲಿ ಬಂದ ಮಾಥಾಡಿ ಕಾಯ್ದೆ ಈ ಹಮಾಲರಿಗೆ ಭವಿಷ್ಯನಿಧಿ, ರಜೆ, ಚಿಕಿತ್ಸೆಯ ಹಕ್ಕು ಕೊಟ್ಟಿತು. ಕೋಪರ್‌ಖೈರಣೆಯಲ್ಲಿ ಅವರದೇ ಆಸ್ಪತ್ರೆ ಇದೆ. ಒಬ್ಬ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ಆದರೂ ತಲೆಯ ಮೇಲೆ, ಬೆನ್ನ ಮೇಲೆ ಮೂಟೆ ಹೊತ್ತ ಕತ್ತಿಗೆ, ಸೊಂಟಕ್ಕೆ ನಲವತ್ತೈದರಲ್ಲೇ ಮುಪ್ಪು. ಅಂಥವನು ಊರಿಗೆ ಮರಳುವುದು ಹಬ್ಬಕ್ಕೋ ಗದ್ದೆಯ ಕೆಲಸಕ್ಕೋ, ಅಥವಾ ನೋವು ಮಿತಿಮೀರಿದಾಗ. ವರ್ಷಗಟ್ಟಲೆ ಮನಿಯಾರ್ಡರಾಗಿ ಇದ್ದ ಗಂಡ ಒಂದು ದಿನ ನರಳುವ ದೇಹವಾಗಿ ಬಾಗಿಲಿಗೆ ಬರುತ್ತಾನೆ. ಹೊಲ, ದನ, ಅತ್ತೆ ಮಾವ ಎಲ್ಲವನ್ನೂ ಒಬ್ಬಳೇ ನಡೆಸಿ ಗಟ್ಟಿಯಾದ ಹೆಂಡತಿ ಈಗ ಅವನಿಗೆ ಅಣಿಯಾಗಬೇಕು.

ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ನಿಲ್ಲುವ ಕನ್ನಡದ ಕೂಲಿ ಜೋಡಿಗಳದ್ದು ಇನ್ನೊಂದು ಪರಿ. ಅಲ್ಲಿ ಗಂಡ ಹೆಂಡತಿ ಸೇರಿ ಒಂದು ದುಡಿಮೆ, ಅವನು ಕಲೆಸಿದರೆ ಅವಳು ಬುಟ್ಟಿ ಹೊರಬೇಕು. ಒಬ್ಬರ ಸೊಂಟ ಹೋದರೆ ಇನ್ನೊಬ್ಬರ ಕೂಲಿಯೂ ಅರ್ಧ ಹೋದಂತೆ. ಉಡುಪಿ ಹೋಟೆಲಿನ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತ ಭಟ್ಟರಿಗೂ ಐರೋಲಿಯ ಗಾಜಿನ ಕಟ್ಟಡದಲ್ಲಿ ಇಡೀ ದಿನ ಕೂತ ಹುಡುಗನಿಗೂ ನೋವಿದೆ, ಆದರೆ ಅವರಿಗೆ ಒಂದು ತಿಂಗಳ ಸಂಬಳದ ಆಸರೆಯಾದರೂ ಇದೆ. ಸರಕಾರದ ವಿಮೆ ಇಲ್ಲಿ ನೆರವಿಗೆ ಬರುವುದಿಲ್ಲ. ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯಾಗಲಿ ಆಯುಷ್ಮಾನ್ ಭಾರತವಾಗಲಿ ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. ವಾರಕ್ಕೆ ಮೂರು ಸಲ ಫಿಸಿಯೊಥೆರಪಿ, ತಿಂಗಳ ಮಾತ್ರೆ, ಬೆಲ್ಟು, ಇದೆಲ್ಲ ಜೇಬಿನಿಂದಲೇ. ಜೇಬು ಬರಿದಾದವರು ಮೆಡಿಕಲ್ಲಿನಲ್ಲಿ ನೋವಿನ ಮಾತ್ರೆ ಕೇಳಿ ನುಂಗುತ್ತಾರೆ, ತಿಂಗಳಾನುಗಟ್ಟಲೆ. ಹೊಟ್ಟೆಗೂ ಮೂತ್ರಪಿಂಡಕ್ಕೂ ಅದು ಮಾಡುವ ಹಾನಿ ಆಮೇಲೆ ಮನೆಗೆ ಎರಡನೇ ಕಾಯಿಲೆಯನ್ನು ತರುತ್ತದೆ.

ಮದುವೆ ಮುರಿಯುತ್ತದೆಯೇ? ಪಶ್ಚಿಮದ ಒಂದು ಅಂಕಿಯನ್ನು ಆಗಾಗ ಉಲ್ಲೇಖಿಸುತ್ತಾರೆ. ಮಿದುಳಿನ ಗಡ್ಡೆ, ಕ್ಯಾನ್ಸರ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದ 515 ರೋಗಿಗಳನ್ನು ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ರೋಗಿ ಹೆಂಡತಿಯಾಗಿದ್ದಾಗ ಶೇಕಡಾ 20.8 ಮದುವೆಗಳು ಮುರಿದವು, ರೋಗಿ ಗಂಡನಾಗಿದ್ದಾಗ ಶೇಕಡಾ 2.9. ಅದು ಗಂಭೀರ ಕಾಯಿಲೆಗಳ ಲೆಕ್ಕ, ಸೊಂಟನೋವಿಗೆ ನೇರವಾಗಿ ಹೊಂದುವುದಿಲ್ಲ, ವಿಚ್ಛೇದನವೇ ಕಡಿಮೆ ಇರುವ ನಮ್ಮ ಸಮಾಜಕ್ಕಂತೂ ಇನ್ನೂ ಕಡಿಮೆ. ಆದರೆ ಗಂಡು ಹೆಣ್ಣಿನ ನಡುವಿನ ಅಂತರ ಗಮನಕ್ಕೆ ಬೇಕಾದದ್ದು. ನಮ್ಮಲ್ಲಿ ಮದುವೆ ಕೋರ್ಟಿನಲ್ಲಿ ಮುರಿಯುವ ಬದಲು ರೈಲು ಹತ್ತುತ್ತದೆ. 'ಸ್ವಲ್ಪ ದಿನ ತವರಿಗೆ ಹೋಗಿ ಬಾ, ಅಲ್ಲೇ ಆಯುರ್ವೇದ ಮಾಡಿಸು, ವಿಶ್ರಾಂತಿಯೂ ಆಗುತ್ತದೆ.' ಕೊಂಕಣ ರೈಲು ಅವಳನ್ನು ಕುಂದಾಪುರಕ್ಕೋ ಕಾರ್ಕಳದ ಹತ್ತಿರಕ್ಕೋ ಇಳಿಸುತ್ತದೆ. ಎಣ್ಣೆ, ಪಥ್ಯ, ಒಂದು ಹರಕೆ. ಸ್ವಲ್ಪ ದಿನ ಎಂಬುದು ಮಳೆಗಾಲವಾಗುತ್ತದೆ, ಮಳೆಗಾಲ ಮುಗಿದು ಮಕ್ಕಳ ಪರೀಕ್ಷೆಯಾಗುತ್ತದೆ. ಯಾರೂ ಯಾರನ್ನೂ ಬಿಟ್ಟಿಲ್ಲ, ಜೊತೆಗೂ ಇಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಒಂದು ದಾಂಪತ್ಯವನ್ನು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಜಗತ್ತಿನ ನೋವಿನ ವೈದ್ಯಕ್ಕೆ ತಳಹದಿ ಹಾಕಿದ ಜಾನ್ ಬೊನಿಕಾ ಇಟಲಿಯಿಂದ ಅಮೆರಿಕಕ್ಕೆ ವಲಸೆ ಬಂದ ಮನೆಯ ಹುಡುಗ. ವೈದ್ಯಕೀಯ ಓದಿನ ಖರ್ಚಿಗೆ ಮುಖವಾಡ ಹಾಕಿಕೊಂಡು ಕುಸ್ತಿ ಆಡುತ್ತಿದ್ದರು. ಅಖಾಡದ ಏಟುಗಳು ಅವರಿಗೆ ಜೀವನಪೂರ್ತಿ ಕೀಲುನೋವು ಕೊಟ್ಟವು, ಹಲವು ಶಸ್ತ್ರಚಿಕಿತ್ಸೆಗಳಾದವು. ಹೆಂಡತಿ ಎಮ್ಮಾ ಮೊದಲ ಹೆರಿಗೆಯಲ್ಲಿ ಈಥರ್ ಅರಿವಳಿಕೆಯಿಂದ ಉಸಿರುಗಟ್ಟಿ ಸಾಯುವ ಸ್ಥಿತಿಗೆ ಬಂದಾಗ ಬೊನಿಕಾ ತಾವೇ ನುಗ್ಗಿ ಉಳಿಸಿದರು. ಹೆರಿಗೆಯಲ್ಲಿ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಯನ್ನು ಬಳಕೆಗೆ ತರಲು ಅವರು ಪಟ್ಟುಹಿಡಿದದ್ದು ಅದರ ನಂತರ. 1953ರಲ್ಲಿ ನೋವಿನ ನಿರ್ವಹಣೆಯ ಬಗ್ಗೆ ಬರೆದ ಬೃಹತ್ ಗ್ರಂಥ ಆ ವಿಷಯದ ಮೊದಲ ಸಮಗ್ರ ಪಠ್ಯ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದ್ದೂ ಅವರೇ. ಹೆಂಡತಿಯ ನೋವು ಗಂಡನ ಕಸುಬನ್ನು ತಿರುಗಿಸಿತು, ಗಂಡನ ನೋವಿನ ಜೊತೆ ಹೆಂಡತಿ ಐವತ್ತು ವರ್ಷ ಬಾಳಿದರು. 1994ರಲ್ಲಿ ಎಮ್ಮಾ ತೀರಿಕೊಂಡ ಕೆಲವೇ ವಾರಗಳಲ್ಲಿ ಅವರೂ ಹೋದರು.

ಬೊನಿಕಾ ಒತ್ತಿ ಹೇಳಿದ್ದು, ಹಳೆಯ ನೋವನ್ನು ಒಬ್ಬ ವೈದ್ಯ ಒಂದೇ ಔಷಧದಿಂದ ಗುಣಪಡಿಸಲಾರ, ಅರಿವಳಿಕೆ ತಜ್ಞ, ಫಿಸಿಯೊ, ಮನೋವಿಜ್ಞಾನಿ ಎಲ್ಲರೂ ಒಂದೇ ಮೇಜಿಗೆ ಬರಬೇಕು ಎಂದು. ಆ ಮೇಜಿಗೆ ಸಂಗಾತಿಯನ್ನೂ ಕರೆದವರು ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಕೀಫ್. 1996ರಲ್ಲಿ ಅವರ ತಂಡ ಮೊಣಕಾಲು ನೋವಿನವರಿಗೆ ನೋವು ನಿಭಾಯಿಸುವ ಕೌಶಲಗಳನ್ನು ಸಂಗಾತಿಯ ಜೊತೆ ಕೂರಿಸಿ ಕಲಿಸಿತು. ನೋವು ಏರುವ ಮೊದಲೇ ಕೆಲಸ ನಿಲ್ಲಿಸಿ ಸ್ವಲ್ಪ ವಿರಮಿಸಿ ಮತ್ತೆ ಶುರು ಮಾಡುವುದು, ಸ್ನಾಯು ಸಡಿಲಿಸುವುದು, ಒಬ್ಬರಿಗೊಬ್ಬರು ಕೇಳುವ, ಹೇಳುವ ರೀತಿ. ಜೋಡಿಯಾಗಿ ಕಲಿತವರು, ಸಂಗಾತಿಯ ಜೊತೆ ಬರೀ ಕಾಯಿಲೆಯ ಮಾಹಿತಿ ಪಡೆದವರಿಗಿಂತ ನೋವಿನಲ್ಲೂ ದಾಂಪತ್ಯದ ನೆಮ್ಮದಿಯಲ್ಲೂ ಮುಂದಿದ್ದರು. ಇದರಲ್ಲಿ ಯಂತ್ರವಿಲ್ಲ, ಸೂಜಿಯಿಲ್ಲ. ಒಂದು ಸಣ್ಣ ಉದಾಹರಣೆ: ನೋವು ಬಂದ ಮೇಲೆ ಪಾತ್ರೆ ಬಿಟ್ಟು ಮಲಗುವ ಬದಲು, ಗಡಿಯಾರ ನೋಡಿ ಹದಿನೈದು ನಿಮಿಷಕ್ಕೆ ಎದ್ದು ಬರುವುದು, ಉಳಿದ ಪಾತ್ರೆಗೆ ಗಂಡ ಹೋಗುವುದು. ಮಲಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಹಳೆಯ ಸಲಹೆಯನ್ನು ಲ್ಯಾನ್ಸೆಟ್ ಪತ್ರಿಕೆಯ 2018ರ ಲೇಖನಮಾಲೆಯೂ ಕೈಬಿಡಲು ಹೇಳಿದೆ. ಸೊಂಟನೋವಿನಲ್ಲಿ ಆದಷ್ಟು ಓಡಾಡಿಕೊಂಡಿರುವುದೇ ಮೇಲು.

ಸಂಗಾತಿಗೂ ಯಾರಾದರೂ ಬೇಕು. ನೋಡಿಕೊಳ್ಳುವವರು ತಮ್ಮ ಸಿಟ್ಟನ್ನು ಸಿಟ್ಟೆಂದು ಹೇಳಿಕೊಳ್ಳಲಾರರು. ಕಾಯಿಲೆಯವರ ಮೇಲೆ ಸಿಟ್ಟು ಮಾಡುವುದು ಪಾಪ ಎಂದು ನುಂಗುತ್ತಾರೆ, ನಂತರ ಬೇರೆ ಯಾವುದೋ ನೆಪದಲ್ಲಿ ಅದು ಹೊರಬೀಳುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇಂಥವರಿಗೂ ಇದೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಇದರ ಭಾಷೆಗಳಲ್ಲಿ ಕನ್ನಡವೂ ಒಂದು. ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ನದ್ದು. ಡೊಂಬಿವಲಿಯ ಕರ್ನಾಟಕ ಸಂಘ ಶಾಲೆ ಕಾಲೇಜು ನಡೆಸುವಷ್ಟು ಬೆಳೆದಿದೆ. ಈ ಭಾಗದ ಕನ್ನಡ ಸಂಘ, ಜಾತಿ ಸಂಘಗಳು ವರ್ಷವರ್ಷ ರಕ್ತದಾನ, ಕಣ್ಣಿನ ತಪಾಸಣೆಯ ಶಿಬಿರ ಮಾಡುತ್ತವೆ. ನೋವಿನ ರೋಗಿಗಳನ್ನು ಅವರ ಮನೆಯವರ ಜೊತೆ ಕೂರಿಸುವ ಒಂದು ಭಾನುವಾರವನ್ನೂ ಅವು ಆ ಪಟ್ಟಿಗೆ ಸೇರಿಸಿಕೊಳ್ಳಬಹುದು. ಒಬ್ಬ ಫಿಸಿಯೊ, ಒಬ್ಬ ಆಪ್ತಸಮಾಲೋಚಕಿ, ಒಂದು ಸಭಾಗೃಹ ಸಾಕು.

ವೈದ್ಯರ ಕೋಣೆಯಲ್ಲಿ ಸದ್ಯ ನಡೆಯುವುದು ಬೇರೆ. 'ಸೊನ್ನೆಯಿಂದ ಹತ್ತರಲ್ಲಿ ನೋವೆಷ್ಟು' ಎಂದು ರೋಗಿಯನ್ನು ಕೇಳುತ್ತಾರೆ. ರಾತ್ರಿ ಯಾರು ಎದ್ದರು, ಮನೆಯಲ್ಲಿ ಯಾವ ಕೆಲಸ ಯಾರ ಪಾಲಿಗೆ ಹೋಯಿತು, ಕೊನೆಯ ಸಲ ಇಬ್ಬರೂ ಸೇರಿ ಎಲ್ಲಿಗೆ ಹೋದಿರಿ ಎಂದು ಕೇಳುವವರು ವಿರಳ. ಕೇಳಬೇಕೆಂದರೂ ಸಂಗಾತಿ ಅಲ್ಲಿ ಇರಬೇಕಲ್ಲ. ಮಹಾನಗರಪಾಲಿಕೆಯ ಆಸ್ಪತ್ರೆಗಳ ಓಪಿಡಿ ಬೆಳಗಿನ ಹೊತ್ತು, ಕಳ್ವಾದಲ್ಲಾದರೂ ಕಲ್ಯಾಣದಲ್ಲಾದರೂ. ಇಬ್ಬರೂ ಬರಬೇಕೆಂದರೆ ಎರಡು ದಿನಗೂಲಿ ಹೋಗುತ್ತದೆ, ಸಂಬಳದವರಾದರೆ ಎರಡು ರಜೆ. ಹಾಗಾಗಿ ಒಬ್ಬರೇ ಹೋಗಿ, ಡಾಕ್ಟರು ಹೇಳಿದ್ದರಲ್ಲಿ ಅರ್ಧವನ್ನು ಮರೆತು, ಉಳಿದರ್ಧವನ್ನು ತಮಗೆ ಅನುಕೂಲವಾದಂತೆ ಮನೆಯಲ್ಲಿ ಹೇಳುತ್ತಾರೆ. ಸಂಜೆಯ ಓಪಿಡಿ ಬರುವವರೆಗೆ ಕಾಯುವ ಬದಲು ಒಂದು ಉಪಾಯವಿದೆ: ಡಾಕ್ಟರ ಅನುಮತಿ ಕೇಳಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಡುವುದು. ಆಚೆ ಬದಿಯಲ್ಲಿ ಗಂಡ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರೂ ಸರಿ, 'ಅವಳಿಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ ಡಾಕ್ಟ್ರೇ, ನನಗೂ' ಎಂದು ಅವನಿಗೆ ಹೇಳಲು ಅರ್ಧ ನಿಮಿಷ ಸಾಕು.